ವುರ್ಟ್ಸ್‌ಬುರ್ಗ್ ಅರಮನೆ: ಉಳಿದದ್ದು ಯಾವುದು, ಮತ್ತೆ ಕಟ್ಟಿದ್ದು ಯಾವುದು

ಜರ್ಮನಿಯ ವುರ್ಟ್ಸ್‌ಬುರ್ಗ್ ರೆಸಿಡೆನ್ಸ್ ನೋಡಲು ಹೋಗುವವರು ಒಂದು ದಿನಾಂಕ ನೆನಪಿಡಬೇಕು: 16 ಮಾರ್ಚ್ 1945. ಆ ರಾತ್ರಿಯ ಬಾಂಬ್ ದಾಳಿಯಲ್ಲಿ ಅರಮನೆಯ ಮರದ ಮಾಡು ಉರಿದುಹೋಯಿತು. ಮರದ ತೊಲೆಗಳ ಮೇಲೆ ನಿಂತಿದ್ದ ಕೋಣೆಗಳು ಒಳಗೊಳಗೇ ಕುಸಿದವು. ಕಲ್ಲಿನ ಕಮಾನು ಚಾವಣಿಯಿದ್ದ ಮೆಟ್ಟಿಲು ಮಂಟಪ, ಶ್ವೇತ ಸಭಾಂಗಣ, ಸಾಮ್ರಾಟರ ಸಭಾಂಗಣ, ಕೆಳಗಿನ ಉದ್ಯಾನ ಸಭಾಂಗಣ ನಿಂತವು. ಕೋಣೆಗೆ ಕಾಲಿಟ್ಟೊಡನೆ ತಲೆಯೆತ್ತಿ: ಮೇಲೆ ಹಳೆಯ ಕಲ್ಲಿನ ಕಮಾನಿದೆಯೋ, ಯುದ್ಧಾನಂತರದ ಹೊಸ ಚಾವಣಿಯೋ? ಅಸಲಿ ಯಾವುದು, ಪುನರ್ನಿರ್ಮಾಣ ಯಾವುದು ಎಂಬುದಕ್ಕೆ ಅರ್ಧ ಉತ್ತರ ಅಲ್ಲೇ ಇದೆ.

ಅಡಿಗಲ್ಲು ಬಿದ್ದದ್ದು 1720ರಲ್ಲಿ. ವಾಸ್ತುಶಿಲ್ಪಿ ಬಾಲ್ತಸಾರ್ ನಾಯ್ಮನ್. ಮೆಟ್ಟಿಲು ಮಂಟಪಕ್ಕೆ ಅವನು ಹೊದಿಸಿದ ಕಮಾನು ಸುಮಾರು 18 ಮೀಟರ್ ಅಗಲ, 30 ಮೀಟರ್ ಉದ್ದ. ನಡುವೆ ಒಂದೂ ಕಂಬವಿಲ್ಲ. ಅದರಡಿಯಲ್ಲಿ ವೆನಿಸ್‌ನ ತಿಯೆಪೊಲೊ 1752–53ರಲ್ಲಿ ಫ್ರೆಸ್ಕೊ ಎಂಬ ಬಗೆಯ ಭಿತ್ತಿಚಿತ್ರ ಬರೆದ.

ಇಲ್ಲಿ ಲಿಫ್ಟ್ ಹಿಡಿಯಬೇಡಿ, ಕಾಲಿಗೆ ತೊಂದರೆಯಿದ್ದರೆ ಮಾತು ಬೇರೆ. ಚಿತ್ರವನ್ನು ಹೂಡಿರುವುದೇ ಹತ್ತುವವರಿಗಾಗಿ. ಅದರಲ್ಲಿ ನಾಲ್ಕು ಖಂಡಗಳು ನಾಲ್ಕು ಹೆಣ್ಣುಗಳ ರೂಪದಲ್ಲಿವೆ. ಸಾರೋಟು ಒಳಕ್ಕೇ ಬಂದು ನಿಲ್ಲುತ್ತಿದ್ದ ಕೆಳಗಿನ ಪಡಸಾಲೆ ತಗ್ಗು, ಮಬ್ಬು. ಮೊದಲ ಸಾಲು ಹತ್ತುವಾಗ ಎದುರಿಗೆ ಕಾಣುವುದು ಮೊಸಳೆಯ ಮೇಲೆ ಕುಳಿತ ಅಮೆರಿಕ. ನಡುಕಟ್ಟೆಯಲ್ಲಿ ಮೆಟ್ಟಿಲು ಇಬ್ಭಾಗವಾಗಿ ಹಿಂದಿರುಗುತ್ತದೆ. ನೀವೂ ತಿರುಗಿದರೆ ಎದುರಿಗೆ ಯುರೋಪ್. ಅಕ್ಕಪಕ್ಕಗಳಲ್ಲಿ ಒಂಟೆಯ ಜೊತೆ ಆಫ್ರಿಕ, ಆನೆಯೇರಿದ ಏಷ್ಯಾ. ನಮ್ಮವರ ಕಣ್ಣು ಮೊದಲು ಆನೆಯ ಕಡೆಗೇ ಓಡುವುದು ಸಹಜ; ಆದರೆ ಯುರೋಪಿನ ಅಂಚಿನಲ್ಲಿ ಫಿರಂಗಿಯ ಮೇಲೆ ಒರಗಿ ಕುಳಿತ ನಾಯ್ಮನ್‌ನನ್ನು ತಪ್ಪಿಸಿಕೊಳ್ಳಬೇಡಿ.

ಫ್ರೆಸ್ಕೊ ಎಂದರೆ ಹಸಿ ಸುಣ್ಣದ ಗಾರೆಯ ಮೇಲಿನ ಬಣ್ಣ. ಗಾರೆ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಕಲ್ಲಾಗುವಾಗ ಬಣ್ಣದ ಕಣಗಳು ಅದರಲ್ಲೇ ಸೆರೆಯಾಗುತ್ತವೆ. ಹಾಗಾಗಿ ಒಂದು ದಿನಕ್ಕೆ ಬರೆಯಬಲ್ಲಷ್ಟೇ ಗಾರೆ ಹಚ್ಚುತ್ತಾರೆ. ಇದರ ಶತ್ರು ನೀರು. ತೇವದೊಂದಿಗೆ ಮೇಲ್ಮೈಗೆ ಬಂದ ಲವಣ ಹರಳುಗಟ್ಟಿ ಬಣ್ಣದ ಪದರವನ್ನೇ ಎಬ್ಬಿಸಿಬಿಡುತ್ತದೆ. ಬೆಂಕಿಯಿಂದ ಪಾರಾದ ಚಿತ್ರ ಮಳೆಗೆ ಹಾಳಾಗುವ ಅಪಾಯ ಬಂದದ್ದು ಹೀಗೆ; ಅಮೆರಿಕನ್ ಸೇನೆಯ ಸ್ಮಾರಕ ರಕ್ಷಣೆಯ ಅಧಿಕಾರಿ ಜಾನ್ ಸ್ಕಿಲ್ಟನ್ ಮರ ಹೊಂದಿಸಿ ತಾತ್ಕಾಲಿಕ ಮಾಡು ಹಾಕಿಸಿದ್ದರಿಂದ ಅದು ಉಳಿಯಿತು.

ಮುಂದಿನ ಶ್ವೇತ ಸಭಾಂಗಣದಲ್ಲಿ ಬಣ್ಣದ ಚಿತ್ರವಿಲ್ಲ, ಅಂತೋನಿಯೊ ಬೊಸ್ಸಿಯ ಗಚ್ಚಿನ ಉಬ್ಬುಕೆಲಸ ಮಾತ್ರ. ಎರಡು ವರ್ಣರಂಜಿತ ಕೋಣೆಗಳ ನಡುವೆ ಕಣ್ಣಿಗೆ ವಿಶ್ರಾಂತಿ. ಜನ ಇಲ್ಲಿ ಸರಸರ ದಾಟುತ್ತಾರೆ, ನಿಲ್ಲಿ.

ಕನ್ನಡಿ ಕೋಣೆ ಪೂರ್ತಿ ಪುನರ್ನಿರ್ಮಾಣ. ಪೀಠೋಪಕರಣಗಳನ್ನು ದಾಳಿಗೆ ಮೊದಲೇ ಬೇರೆಡೆ ಸಾಗಿಸಿದ್ದರು, ಆದರೆ ಗೋಡೆಗಂಟಿದ ಗಾಜನ್ನು ಬಿಚ್ಚಲಾಗಲಿಲ್ಲ. ಹಳೆಯ ಫೋಟೊ, ಒಂದು ಜಲವರ್ಣ ಚಿತ್ರ, ಉಳಿದ ಗಾಜಿನ ಚೂರು ಆಧರಿಸಿ 1979ರಿಂದ 1987ರವರೆಗೆ ಮತ್ತೆ ಮಾಡಿದರು. ಬಣ್ಣ, ಚಿನ್ನದ ರೇಕು ಎಲ್ಲ ಗಾಜಿನ ಹಿಂಬದಿಗೆ. ಮಾಮೂಲಿ ಚಿತ್ರದಲ್ಲಿ ಕೊನೆಗೆ ಇಡುವ ಸಣ್ಣ ಗೆರೆಯನ್ನು ಇಲ್ಲಿ ಮೊದಲು ಬರೆಯಬೇಕು, ಹಿನ್ನೆಲೆ ಕಡೆಗೆ, ಎಡಬಲವೂ ಅದಲುಬದಲು. ಮೇಲೆ ಇನ್ನೊಂದು ಪದರ ಬಿದ್ದ ನಂತರ ತಿದ್ದುವಂತಿಲ್ಲ. ಕನ್ನಡಿ ಕೋಣೆಯಿರುವ ಈ ದಕ್ಷಿಣದ ಕೋಣೆಗಳ ಸಾಲಿಗೆ ಸಾಮಾನ್ಯವಾಗಿ ಮಾರ್ಗದರ್ಶಕರ ಜೊತೆಗಷ್ಟೇ ಪ್ರವೇಶ. ಟಿಕೆಟ್ ಕೊಳ್ಳುವಾಗಲೇ ಮುಂದಿನ ಸರದಿ ಎಷ್ಟು ಹೊತ್ತಿಗೆ ಎಂದು ಕೇಳಿಕೊಂಡು, ಮೆಟ್ಟಿಲು ಮಂಟಪಕ್ಕೆ ಅರ್ಧ ಗಂಟೆಯಾದರೂ ಬಿಟ್ಟುಕೊಳ್ಳಿ.