ಟ್ಯಾಂಕ್ ಎಂದರೆ ಯಾರು?

ಆನ್‌ಲೈನ್ ಆಟಕ್ಕೆ ಹೊಸದಾಗಿ ಇಳಿದವರು ಗುಂಪಿಗೆ ತಮ್ಮನ್ನು ಪರಿಚಯಿಸಿಕೊಳ್ಳುವ ಮಾತು ಈಚೆಗೆ ಒಂದೇ ಅಚ್ಚಿನಲ್ಲಿ ತೆಗೆದಂತಿರುತ್ತದೆ: “ನಾನು ಟ್ಯಾಂಕ್. ಕಬ್ಬಿಣದ ಕವಚ ಇದೆ, ಹೆಲ್ತ್ ನಿಮ್ಮೆಲ್ಲರಿಗಿಂತ ಜಾಸ್ತಿ.” ಕಳೆದ ವಾರ ವಿಜಯನಗರದ ಹುಡುಗನೊಬ್ಬ ಇದೇ ಮಾತು ಹೇಳಿ ನಮ್ಮ ಜೊತೆ ಡಂಜನ್, ಎಂದರೆ ಗುಂಪಾಗಿ ಹೋಗಿ ಕಾದಾಡುವ ಶತ್ರುಗಳ ತಾಣ, ಹೊಕ್ಕ. ಎದುರಾದ ನಾಲ್ಕು ಅಸ್ಥಿಪಂಜರಗಳಲ್ಲಿ ಒಂದನ್ನು ಹಿಡಿದು ಕೊಡಲಿಯಿಂದ ಕೊಚ್ಚುತ್ತಾ ನಿಂತ. ಉಳಿದ ಮೂರು ಅವನನ್ನು ದಾಟಿ ಹೋಗಿ, ಗುಂಪಿನವರ ಗಾಯ ಮಾಯಿಸುವ ಹೀಲರ್ ಮೇಲೆ ಮುಗಿಬಿದ್ದವು. ಮೊದಲು ಹೀಲರ್ ಬಿದ್ದರು, ಆಮೇಲೆ ಒಬ್ಬೊಬ್ಬರಾಗಿ ನಾವೆಲ್ಲ ಬಿದ್ದೆವು. ಅವನು ಮಾತ್ರ ಇನ್ನೂ ನಿಂತಿದ್ದ. “ನೋಡಿದಿರಾ, ನನಗೆ ಒಂದು ಗೀರೂ ಬೀಳಲಿಲ್ಲ” ಎಂದು ಹೆಮ್ಮೆಯಿಂದ ಬರೆದ. ಟ್ಯಾಂಕ್ ಆದವನ ಬಾಯಲ್ಲಿ ಬರಬಾರದ ಮಾತು ಅದು. ಆದರೆ ಹುಡುಗನನ್ನು ಬೈದು ಪ್ರಯೋಜನವಿಲ್ಲ. ಪದಕ್ಕೆ ಅದೇ ಅರ್ಥ ಎಂದು ಅವನಿಗೆ ಹೇಳಿಕೊಟ್ಟ ಹಿರಿಯರು ಬೇಕಾದಷ್ಟು ಜನ ಇದ್ದಾರೆ.

ಶತ್ರುವಿನ ಸಿಟ್ಟನ್ನು ಮೈಮೇಲೆ ಎಳೆದುಕೊಂಡು, ಅದು ಬೇರೆಯವರ ಕಡೆ ತಿರುಗದಂತೆ ನೋಡಿಕೊಳ್ಳುವವನು ಟ್ಯಾಂಕ್. ಅಷ್ಟೇ. ಕವಚ, ಗುರಾಣಿ, ಹೆಲ್ತ್ ಎಂಬ ಜೀವದ ಅಂಕ ಇವೆಲ್ಲ ಆ ಕೆಲಸ ಮಾಡುವಾಗ ಬದುಕಿ ಉಳಿಯಲು ಬೇಕಾದ ಸಲಕರಣೆಗಳು. ‘ಮೈಮೇಲೆ ಎಳೆದುಕೊಳ್ಳುವುದು’ ಎಂಬುದನ್ನು ನಾವು ಸಾಮಾನ್ಯವಾಗಿ ಬೇಡದ ಉಸಾಬರಿಗೆ ಹೇಳುತ್ತೇವೆ. ಇಲ್ಲಿ ಅದೇ ಉದ್ಯೋಗ.

ತಪ್ಪು ತಿಳಿವಳಿಕೆಯ ಬೇರು ಪದದ ಚರಿತ್ರೆಯಲ್ಲಿದೆ, ಆ ಚರಿತ್ರೆ ಬೆಂಗಳೂರಿನವರಿಗೆ ಹತ್ತಿರದ್ದು. ನಮಗೆ ಟ್ಯಾಂಕ್ ಎಂದರೆ ಮೊದಲು ಮಾಳಿಗೆಯ ಮೇಲಿನ ಕಪ್ಪು ಪ್ಲಾಸ್ಟಿಕ್ ಡಬ್ಬ. ಆದರೆ ಬ್ರಿಟಿಷರ ಕಾಲದ ನಕ್ಷೆಗಳಲ್ಲಿ ಟ್ಯಾಂಕ್ ಎಂದರೆ ಕೆರೆ. ಸಂಪಂಗಿ ಟ್ಯಾಂಕ್ ಇದ್ದ ಜಾಗದಲ್ಲಿ ಈಗ ಕಂಠೀರವ ಕ್ರೀಡಾಂಗಣವಿದೆ. ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಮೆಜೆಸ್ಟಿಕ್ಕಿನ ಬಸ್ಸುಗಳು ನಿಲ್ಲುತ್ತವೆ. ವಸಂತನಗರದ ಮಿಲ್ಲರ್ಸ್ ಟ್ಯಾಂಕ್ ಬಂಡ್ ರಸ್ತೆಯಲ್ಲಿ ಟ್ಯಾಂಕೂ ಇಲ್ಲ, ಬಂಡೂ ಇಲ್ಲ, ಫಲಕ ಮಾತ್ರ ಇದೆ. ಇಂಗ್ಲಿಷರು ಈ ಪದವನ್ನು ಇಲ್ಲಿಗೆ ತಂದವರಲ್ಲ, 17ನೆಯ ಶತಮಾನದಲ್ಲಿ ಇಲ್ಲಿಂದ ಒಯ್ದವರು. ಗುಜರಾತಿ, ಮರಾಠಿಗಳಲ್ಲಿ ನೀರಿನ ತೊಟ್ಟಿಗೆ ಇರುವ ಟಾಂಕೀ, ಟಾಂಕೇ ಎಂಬ ಮಾತುಗಳು ಮೂಲ ಎನ್ನುವುದು ಒಂದು ವಾದ. ಪೋರ್ಚುಗೀಸರಲ್ಲಿ ಕೊಳಕ್ಕಿದ್ದ ಹೆಸರೂ ಅದರ ಜೊತೆ ಬೆರೆತಿದೆ ಎನ್ನುವುದು ಇನ್ನೊಂದು. ಸಂಸ್ಕೃತದ ತಡಾಗಕ್ಕೆ ಗಂಟು ಹಾಕುವವರೂ ಇದ್ದಾರೆ. ಯಾವುದೇ ಆಗಲಿ, ಪದದೊಳಗೆ ಇದ್ದದ್ದು ನೀರು. ಕಬ್ಬಿಣ, ಗುಂಡು, ಯುದ್ಧ ಯಾವುದೂ ಇರಲಿಲ್ಲ.

ಯುದ್ಧ ಅದರೊಳಗೆ ಹೊಕ್ಕದ್ದು ಒಂದು ಸುಳ್ಳಿನಿಂದ. 1915ರಲ್ಲಿ ಇಂಗ್ಲೆಂಡಿನ ಲಿಂಕನ್ ಪಟ್ಟಣದ ಕಾರ್ಖಾನೆಯೊಂದರಲ್ಲಿ, ಕಂದಕಗಳನ್ನು ದಾಟಬಲ್ಲ ಕವಚದ ಬಂಡಿಯನ್ನು ಗುಟ್ಟಾಗಿ ತಯಾರಿಸುತ್ತಿದ್ದರು. ಸರ್ಕಾರಿ ಕಾಗದಗಳಲ್ಲಿ ಅದರ ಹೆಸರು ‘ನೆಲದ ಹಡಗು’. ಹಾಗೆಂದರೆ ಗುಟ್ಟು ಹೊರಬೀಳುವುದಿಲ್ಲವೇ? ಆದ್ದರಿಂದ ನೀರು ಸಾಗಿಸುವ ತೊಟ್ಟಿ ಎಂದು ಪುಕಾರು ಹಬ್ಬಿಸಿದರು. ಆ ವರ್ಷದ ಡಿಸೆಂಬರ್‌ನಲ್ಲಿ ‘ಟ್ಯಾಂಕ್’ ಎಂಬ ಗುಪ್ತನಾಮ ಕಾಗದಕ್ಕೂ ಬಂತು. 1916ರ ಸೆಪ್ಟೆಂಬರ್ 15ರಂದು ಫ್ರಾನ್ಸಿನ ಸೋಮ್ ರಣರಂಗದಲ್ಲಿ ಅವು ಮೊದಲ ಬಾರಿಗೆ ಕಾಣಿಸಿಕೊಂಡವು. ಗುಟ್ಟು ಬಯಲಾದರೂ ಸುಳ್ಳು ಹೆಸರೇ ಗಟ್ಟಿಯಾಗಿ ನಿಂತಿತು.

ಇಂದು ಟ್ಯಾಂಕ್ ಎಂದೊಡನೆ ಕಣ್ಣಿಗೆ ಬರುವುದು ಗಣರಾಜ್ಯೋತ್ಸವದ ಪೆರೇಡ್‌ನಲ್ಲಿ ಉದ್ದ ಫಿರಂಗಿ ಚಾಚಿಕೊಂಡು ಸಾಗುವ ಬಂಡಿ. ಹಾಗಾಗಿ ಹೊಸಬರು ‘ಟ್ಯಾಂಕ್ ಎಂದರೆ ಎಲ್ಲರಿಗಿಂತ ಜೋರಾಗಿ ಹೊಡೆಯುವವನು’ ಎಂದೋ, ‘ಸಾಯದವನು’ ಎಂದೋ ಊಹಿಸುತ್ತಾರೆ. 1916ರ ಬಂಡಿಗೂ ಫಿರಂಗಿ ಇತ್ತು, ನಿಜ. ಆದರೆ ಆ ದಿನ ಅದರ ಉಪಯೋಗವಾದದ್ದು ಮುಳ್ಳುತಂತಿಯನ್ನು ತುಳಿದುಕೊಂಡು ಮುಂದೆ ನಡೆಯುವುದಕ್ಕೆ, ಮೆಷಿನ್‌ಗನ್ ಗುಂಡುಗಳನ್ನು ತನ್ನ ಮೈಗೆ ತಗುಲಿಸಿಕೊಳ್ಳುವುದಕ್ಕೆ, ಬೆನ್ನ ಹಿಂದೆ ಕಾಲಾಳುಗಳು ಬರುವುದಕ್ಕೆ. ಆಟದವರು ಎತ್ತಿಕೊಂಡದ್ದು ಈ ಅರ್ಧವನ್ನು. ಫಿರಂಗಿಯನ್ನು ಅಲ್ಲೇ ಬಿಟ್ಟರು.

ಷೇರು ಬೆಲೆ ‘ಟ್ಯಾಂಕ್ ಆಯಿತು’, ತಂಡ ಬೇಕೆಂದೇ ಸೋತು ‘ಟ್ಯಾಂಕ್ ಮಾಡಿತು’ ಎಂಬ ಬಳಕೆ ಬೇರೆಯದೇ ಸಂತತಿ. ಅದನ್ನು ಇಲ್ಲಿಗೆ ತರಬೇಡಿ.

ಆಟದ ಅರ್ಥ ಕುದುರಿದ್ದು ಚಿತ್ರಗಳೇ ಇಲ್ಲದ ಕಾಲದಲ್ಲಿ. 1978ರಲ್ಲಿ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಷಾ ಮತ್ತು ರಿಚರ್ಡ್ ಬಾರ್ಟಲ್ ‘ಮಡ್’ ಎಂಬ ಬರಹದ ಆಟ ಶುರುಮಾಡಿದರು. 1991ರಲ್ಲಿ ಕೋಪನ್‌ಹೇಗನ್ನಿನ ವಿದ್ಯಾರ್ಥಿಗಳು ಅದೇ ಜಾತಿಯ ‘ಡಿಕುಮಡ್’ ಬರೆದರು. ಅದರಲ್ಲಿ ಯೋಧನಿಗೆ ‘ರೆಸ್ಕ್ಯೂ’ ಎಂಬ ಆಜ್ಞೆ ಇತ್ತು. ದೈತ್ಯ ಮಾಂತ್ರಿಕನನ್ನು ಬಡಿಯುತ್ತಿದೆ ಎನ್ನಿ. ಯೋಧನನ್ನು ಆಡಿಸುವವರು ರೆಸ್ಕ್ಯೂ ಎಂದು ಬರೆದು ಮಾಂತ್ರಿಕನ ಹೆಸರು ಸೇರಿಸಿದರೆ ಯೋಧ ನಡುವೆ ನುಗ್ಗುತ್ತಾನೆ, ದೈತ್ಯ ಅವನ ಕಡೆ ತಿರುಗುತ್ತದೆ. ಆ ಒಂದು ಸಾಲಿನ ಆಜ್ಞೆಯಲ್ಲಿ ಟ್ಯಾಂಕ್‌ನ ಕೆಲಸವೆಲ್ಲ ಬಂತು. 1999ರ ಎವರ್‌ಕ್ವೆಸ್ಟ್‌ನಲ್ಲಿ ಅದೇ ಕೆಲಸಕ್ಕೆ ‘ಟಾಂಟ್’ ಇತ್ತು, ಎಂದರೆ ಕೆಣಕುವುದು.

ಕವಚವೇ ಟ್ಯಾಂಕ್ ಎಂದು ಇನ್ನೂ ಹಟ ಹಿಡಿಯುವವರಿಗೆ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಸಾಕು. ಆ ಆಟದ ಡ್ರೂಯಿಡ್ ಎಂಬ ಪಾತ್ರ ತೊಡುವುದು ಚರ್ಮದ ಉಡುಪು. ಕರಡಿಯ ರೂಪ ತಾಳಿದರೆ ಅವನು ಒಳ್ಳೆಯ ಟ್ಯಾಂಕ್. ಪ್ಯಾಲಡಿನ್ ಎಂಬ ಯೋಧ ಅಡಿಯಿಂದ ಮುಡಿಯವರೆಗೆ ಲೋಹ ಹೊದ್ದಿದ್ದರೂ ಹಿಂದೆ ನಿಂತು ಹೀಲರ್ ಕೆಲಸ ಮಾಡಬಲ್ಲ. ಇನ್ನೂ ಬೇಕೇ? 2006ರಲ್ಲಿ ಬಾಗಿಲು ತೆರೆದ ದೊಡ್ಡ ಡಂಜನ್ ಅಹನ್ ಕಿರಾಜ್‌ನ ಅವಳಿ ಚಕ್ರವರ್ತಿಗಳಲ್ಲಿ ಒಬ್ಬನಿಗೆ ಕತ್ತಿಯ ಏಟು ನಾಟುವುದೇ ಇಲ್ಲ. ಅವನೆದುರು ಟ್ಯಾಂಕ್ ಆಗಿ ನಿಲ್ಲುತ್ತಿದ್ದದ್ದು ಬರೀ ಬಟ್ಟೆ ತೊಟ್ಟ ವಾರ್ಲಾಕ್ ಎಂಬ ಮಾಂತ್ರಿಕ, ಬೆಂಕಿಯ ಮಂತ್ರದಿಂದ ಅವನ ಸಿಟ್ಟು ಕೆರಳಿಸುತ್ತಾ.

ಸಿಟ್ಟಿಗೆ ಲೆಕ್ಕವಿದೆ, ಲೆಕ್ಕಕ್ಕೆ ‘ಥ್ರೆಟ್’ ಎಂದು ಹೆಸರು. ಶತ್ರುವಿನ ಸಿಟ್ಟು ಯಾರ ಮೇಲೆ ನೆಟ್ಟಿದೆಯೋ ಅವರಿಗೆ ‘ಅಗ್ರೋ’ ಇದೆ ಎನ್ನುತ್ತಾರೆ. ಪ್ರತಿ ಶತ್ರುವೂ ತನ್ನದೇ ಖಾತೆ ಇಟ್ಟಿರುತ್ತದೆ, ಇದನ್ನು ಯಾರೂ ಹೊಸಬರಿಗೆ ಹೇಳುವುದಿಲ್ಲ. ವಾರ್‌ಕ್ರಾಫ್ಟ್‌ನ ಹಳೆಯ ನಿಯಮದಲ್ಲಿ ಒಂದು ಅಂಕ ಏಟಿಗೆ ಒಂದು ಅಂಕ ಥ್ರೆಟ್. ಗಾಯ ಮಾಯಿಸಿದ್ದಕ್ಕೆ ಅದರ ಅರ್ಧ, ಅದೂ ಎದುರಿಗಿರುವ ಶತ್ರುಗಳಿಗೆಲ್ಲ ಹಂಚಿಹೋಗುತ್ತದೆ. ಟ್ಯಾಂಕ್‌ನ ಥ್ರೆಟ್ಟನ್ನು ಹತ್ತಿರ ನಿಂತವರು ಶೇ 10ರಷ್ಟು, ದೂರ ನಿಂತವರು ಶೇ 30ರಷ್ಟು ಮೀರಿದರೆ ಶತ್ರು ಅವರ ಕಡೆ ತಿರುಗುತ್ತದೆ. ಈಗ ಆ ಮೂರು ಅಸ್ಥಿಪಂಜರಗಳ ಖಾತೆ ನೋಡಿ. ಟ್ಯಾಂಕ್ ಅವುಗಳನ್ನು ಮುಟ್ಟಿಯೇ ಇಲ್ಲ, ಅವನ ಹೆಸರಿನ ಮುಂದೆ ಸೊನ್ನೆ. ಹೀಲರ್ ಒಮ್ಮೆ ಮಂತ್ರ ಹಾಕಿದ್ದಾರೆ, ಅವರ ಹೆಸರಿನ ಮುಂದೆ ಚೂರುಪಾರು ಅಂಕ. ಅವು ಇನ್ನೆಲ್ಲಿಗೆ ಹೋಗಬೇಕಿತ್ತು?

ಆದ್ದರಿಂದ ಒಂದನ್ನೇ ಕುಟ್ಟುವುದು ಹೊಡೆತಗಾರರ ಕೆಲಸ. ಅವರಿಗೆ ‘ಡಿಪಿಎಸ್’ (ಸೆಕೆಂಡಿಗೆ ಎಷ್ಟು ಏಟು ಎಂಬುದರ ಇಂಗ್ಲಿಷ್ ಸಂಕ್ಷೇಪ) ಎಂಬ ಹೆಸರು ಆಗಲೇ ಇದೆ. ಟ್ಯಾಂಕ್ ಎಲ್ಲವನ್ನೂ ಒಮ್ಮೆಯಾದರೂ ಮುಟ್ಟಬೇಕು. ಕಣ್ಣು ನಿಮ್ಮ ಹೆಲ್ತ್ ಪಟ್ಟಿಯ ಮೇಲೆ ಬೇಡ, ಅದನ್ನು ನೋಡಿಕೊಳ್ಳಲು ಹೀಲರ್ ಇದ್ದಾರೆ. ನೀವು ನೋಡಬೇಕಾದದ್ದು ಯಾವ ಶತ್ರು ಯಾರ ಕಡೆ ಮುಖ ಮಾಡಿದೆ ಎಂಬುದನ್ನು. ಟಾಂಟ್ ಒತ್ತಲು ಆತುರಪಡಬೇಡಿ. ವಾರ್‌ಕ್ರಾಫ್ಟ್‌ನಲ್ಲಿ ಅದು ನಿಮ್ಮ ಅಂಕವನ್ನು ಪಟ್ಟಿಯ ಮೊದಲಿಗನಿಗೆ ಸರಿಸಮ ಮಾಡುತ್ತದೆ. ನೀವೇ ಮೊದಲಿಗರಾಗಿರುವಾಗ ಒತ್ತಿದರೆ ವ್ಯರ್ಥ. ಶತ್ರು ಕೈತಪ್ಪಿ ಹೋದಾಗ ಒತ್ತಿದರೆ ಒಂದು ಜೀವ ಉಳಿಯುತ್ತದೆ.

ಫೈನಲ್ ಫ್ಯಾಂಟಸಿ 14 ಆಡುವವರಿಗೆ ಒಂದು ಮಾತು, ಸ್ವಲ್ಪ ಗಟ್ಟಿಯಾಗಿಯೇ: ಶತ್ರುವಿನ ಸಿಟ್ಟನ್ನು ಹೆಚ್ಚು ಸೆಳೆಯುವ ಭಂಗಿ, ಅಂದರೆ ಟ್ಯಾಂಕ್ ಸ್ಟಾನ್ಸ್, ಹಾಕಿಕೊಳ್ಳಿ. ಗ್ಲಾಡಿಯೇಟರ್ ಪಾತ್ರಕ್ಕೆ ಅದರ ಹೆಸರು ಐರನ್ ವಿಲ್, ಮರಾಡರ್ ಪಾತ್ರಕ್ಕೆ ಡಿಫಯನ್ಸ್. ಮೊದಲ ಡಂಜನ್ ಸಸ್ತಾಶಾ ತೆರೆಯುವುದು 15ನೆಯ ಲೆವೆಲ್‌ನಲ್ಲಿ, ಅಷ್ಟರಲ್ಲಿ ಆ ಗುಂಡಿ ನಿಮ್ಮ ಕೈಯಲ್ಲಿರುತ್ತದೆ. ಅದನ್ನು ಒತ್ತದೆ ಕತ್ತಿ ಹಿಡಿದು ನಿಂತವನು ಕವಚ ತೊಟ್ಟ ದಾರಿಹೋಕ. ಪರದೆಯ ಶತ್ರುಪಟ್ಟಿಯಲ್ಲಿ ಹೆಸರಿನ ಪಕ್ಕದ ಗುರುತು ಕೆಂಪಾಗಿದ್ದರೆ ಶತ್ರು ನಿಮ್ಮ ಮೇಲಿದೆ, ಹಸಿರಾದರೆ ಬೇರೆ ಯಾರೋ ಏಟು ತಿನ್ನುತ್ತಿದ್ದಾರೆ. ಬೇರೆ ಕಡೆ ಕೆಂಪು ಕಂಡರೆ ಗಾಬರಿ, ಇಲ್ಲಿ ಹಸಿರು ಕಂಡರೆ ಗಾಬರಿಪಡಿ.

ಇನ್ನೊಂದು ಚಟ, ಓಡುವುದು. ಹೆಲ್ತ್ ಇದೆಯೆಂದು ಮೂರು ಕೋಣೆಗಳ ಶತ್ರುಗಳನ್ನು ಒಟ್ಟಿಗೆ ಎಬ್ಬಿಸಿಕೊಂಡು ತಿರುವು ದಾಟಿ ಹೋಗುತ್ತಾರೆ. ಹೀಲರ್‌ನ ಮಂತ್ರ ಗೋಡೆ ದಾಟಿ ಬರುವುದಿಲ್ಲ. ಅಭಿಮನ್ಯುವಿಗೆ ಶೌರ್ಯದ ಕೊರತೆ ಇರಲಿಲ್ಲ; ಹಿಂದೆ ಬರಬೇಕಾದವರನ್ನು ಜಯದ್ರಥ ವ್ಯೂಹದ ಬಾಗಿಲಲ್ಲೇ ತಡೆದ, ಅಷ್ಟೇ. ಅದೇ ಗೋಡೆಯನ್ನು ಬುದ್ಧಿವಂತ ಟ್ಯಾಂಕ್ ತನ್ನ ಅನುಕೂಲಕ್ಕೆ ಬಳಸುತ್ತಾನೆ: ದೂರದ ಬಿಲ್ಲುಗಾರರನ್ನು ಕೆಣಕಿ, ತನ್ನ ಗುಂಪು ನಿಂತಿರುವ ಮೂಲೆಗೆ ಸರಿದುಕೊಳ್ಳುತ್ತಾನೆ. ಗುರಿ ಕಾಣದ ಬಿಲ್ಲುಗಾರರು ಹುಡುಕಿಕೊಂಡು ಹತ್ತಿರವೇ ಬಂದು ರಾಶಿ ಬೀಳುತ್ತಾರೆ. ಮತ್ತೆ, ಹೀಲರ್ ಕೂತು ನೀರು ಕುಡಿಯುತ್ತಿದ್ದರೆ ಮಾನಾ, ಎಂದರೆ ಮಂತ್ರ ಹಾಕುವ ಶಕ್ತಿ, ಮುಗಿದಿದೆ ಎಂದರ್ಥ. ಆಗ ಮುಂದಿನ ಬಾಗಿಲು ತೆರೆಯಬೇಡಿ.

ಹೊಸಬರು ಟ್ಯಾಂಕ್ ಆಡಲೇಬಾರದು ಎಂಬ ಉಪದೇಶವನ್ನು ನಾನು ಒಪ್ಪುವುದಿಲ್ಲ. ಈ ಕೆಲಸಕ್ಕೆ ಜನ ಎಲ್ಲ ಕಡೆ ಕಡಿಮೆ. ಎಷ್ಟೆಂದರೆ, ಕೊರತೆ ಇರುವ ಪಾತ್ರಕ್ಕೆ ಬರುವವರಿಗೆ ವಾರ್‌ಕ್ರಾಫ್ಟ್ 2011ರಿಂದ ಬಹುಮಾನದ ಚೀಲವನ್ನೇ ಕೊಡುತ್ತಿದೆ, ಆ ಪಾತ್ರ ಹೆಚ್ಚಾಗಿ ಟ್ಯಾಂಕ್. ಹೊಸಬ ಎಂದು ಮೊದಲೇ ಹೇಳಿ ಒಳಗೆ ಹೋಗಿ. ಹೇಳಿದವರನ್ನು ಯಾರೂ ತಿನ್ನುವುದಿಲ್ಲ.

ಒಂದು ಅಪವಾದವನ್ನು ಒಪ್ಪಿಕೊಳ್ಳಲೇಬೇಕು. 2012ರ ಗಿಲ್ಡ್ ವಾರ್ಸ್ 2 ಟ್ಯಾಂಕ್, ಹೀಲರ್ ಎಂಬ ಹಂಚಿಕೆಯೇ ಬೇಡ ಎಂದು ಹೊರಟ ಆಟ. 2015ರಲ್ಲಿ ಅದರಲ್ಲಿ ದೊಡ್ಡ ಗುಂಪಿನ ದಾಳಿಗಳಾದ ರೇಡ್‌ಗಳು ಬಂದಾಗ ಟ್ಯಾಂಕ್ ಹಿಂಬಾಗಿಲಿನಿಂದ ಒಳಬಂದ. ಅಲ್ಲಿನ ವೇಲ್ ಗಾರ್ಡಿಯನ್‌ನಂಥ ಕೆಲವು ದೊಡ್ಡ ಶತ್ರುಗಳು, ಅಂದರೆ ಬಾಸ್‌ಗಳು ಗುಂಪಿನಲ್ಲಿ ಯಾರ ‘ಟಫ್‌ನೆಸ್’ ಅಂಕ ಹೆಚ್ಚಿದೆಯೋ ಅವರ ಬೆನ್ನು ಹತ್ತುತ್ತವೆ, ಆ ಅಂಕ ಬರುವುದು ತೊಟ್ಟ ಉಡುಪಿನಿಂದ. ಹಾಗಾಗಿ ಅಲ್ಲಿ ಮಾತ್ರ, ಗಟ್ಟಿ ಉಡುಪು ಇರಲಿ ಎಂದು ಹಾಕಿಕೊಂಡು ಬಂದ ಹೊಸಬ ತನಗೇ ಗೊತ್ತಿಲ್ಲದೆ ಟ್ಯಾಂಕ್ ಆಗಿಬಿಡುತ್ತಾನೆ. ನಿಜವಾದ ಟ್ಯಾಂಕ್ ಬಾಸ್‌ನ ಬೆನ್ನು ನೋಡುತ್ತಾ ನಿಂತಿರುತ್ತಾನೆ. ಒಳಗೆ ಹೋಗುವ ಮುಂಚೆ ಆ ಅಂಕವನ್ನು ಒಮ್ಮೆ ಎಲ್ಲರ ಜೊತೆ ತಾಳೆ ನೋಡಿಕೊಳ್ಳಿ.