ಕವರ್ ಹಳೇದಾದ್ರೆ ಪೋಸ್ಟಲ್ ಸ್ಟೇಷನರಿ ಆಗಲ್ಲ

ಸ್ಟಾಂಪು, ಹಳೇ ಕವರ್‌ಗಳ ಹರಾಜಿನ ಪಟ್ಟಿ ತೆಗೆದ್ರೆ ಮತ್ತೆ ಅದೇ ರಾಮಾಯಣ. 1946ರ ಜರ್ಮನಿ ಕವರ್ ಒಂದು, ಯಾವ್ದೋ ಆಫೀಸಿನ ಹಳೇ ಫಾರಂ ಮಡಚಿ ಗೋಂದು ಹಚ್ಚಿ ಮಾಡಿದ್ದು, ಮೇಲೆ ಮಾಮೂಲಿ ಸ್ಟಾಂಪು, ಕೆಳಗೆ ವಿವರಣೆ: "ಅಪರೂಪದ ಯುದ್ಧೋತ್ತರ ಪೋಸ್ಟಲ್ ಸ್ಟೇಷನರಿ". ಸ್ಟೇಷನರಿ ಅಂದಕೂಡ್ಲೆ ಪೆನ್ನು ಪೇಪರ್ ಅಂಗಡಿ ನೆನಪಾಗುತ್ತಲ್ಲ, ಎಡವಟ್ಟು ಶುರುವಾಗೋದೇ ಅಲ್ಲಿ. ಇಲ್ಲಿ ಕಾಗದ ಮುಖ್ಯ ಅಲ್ಲ, ಕಾಗದದ ಮೇಲೆ ಅಂಚೆ ಇಲಾಖೆನೇ ಮೊದ್ಲೇ ಹಾಕಿರೋ "ದುಡ್ಡು ಸಂದಿದೆ" ಅನ್ನೋ ಗುರುತು ಮುಖ್ಯ. ನಮ್ಮ ಕಾರ್ಡು, ಇನ್‌ಲ್ಯಾಂಡ್ ಲೆಟರು ಈ ಲೆಕ್ಕಕ್ಕೆ ಬರೋದು ಅದಕ್ಕೇ.

ಜರ್ಮನ್ನರ ಹತ್ರ ಇದಕ್ಕಿರೋ ಪದ ಗಾಂಟ್ಸ್‌ಜಾಖೆ. ಗಾಂಟ್ಸ್ ಅಂದ್ರೆ ಇಡೀ, ಜಾಖೆ ಅಂದ್ರೆ ವಸ್ತು. "ಇಡೀ ವಸ್ತು" ಅಂತ ಯಾಕೆ ಅಂದ್ರೆ, 19ನೇ ಶತಮಾನದಲ್ಲಿ ಸಂಗ್ರಹಕಾರರು ಕಾರ್ಡು ಕವರ್‌ಗಳ ಮೇಲೆ ಅಚ್ಚಾಗಿರೋ ಸ್ಟಾಂಪನ್ನ ಮಾತ್ರ ಚೌಕಾಕಾರಕ್ಕೆ ಕತ್ತರಿಸಿ ಆಲ್ಬಮ್ಮಿಗೆ ಅಂಟಿಸ್ತಿದ್ರು, ಮಿಕ್ಕಿದ್ದು ಕಸದ ಬುಟ್ಟಿಗೆ. ವಿಳಾಸ, ಸೀಲು, ಬರೆದ ಮಾತು ಎಲ್ಲಾ ಹೋಯ್ತು! ಕತ್ತರಿ ತಪ್ಪಿಸ್ಕೊಂಡಿದ್ದೇ "ಇಡೀದು". ಈ ಪದದ ಶುರುವಿಗೆ ನೋಟ್ ಸೇರಿದ್ರೆ ನೋಟ್‌ಗಾಂಟ್ಸ್‌ಜಾಖೆ. ಈ ನೋಟ್ ನಮ್ಮ ದುಡ್ಡಿನ ನೋಟಲ್ಲ, ಸಂಕಟ, ಅಭಾವ ಅಂತ ಅರ್ಥ. ಮೊದಲ ಮಹಾಯುದ್ಧದ ಸಮಯದ ತುರ್ತು ದುಡ್ಡು ನೋಟ್‌ಗೆಲ್ಟ್‌ನಲ್ಲಿರೋದೂ ಇದೇ ನೋಟ್.

1945ರ ಮೇನಲ್ಲಿ ಜರ್ಮನಿ ಶರಣಾದ ಮೇಲೆ ಪೋಸ್ಟಾಫೀಸುಗಳ ಕಪಾಟಲ್ಲಿ ಉಳಿದಿದ್ದು ಹಿಟ್ಲರ್ ತಲೆಯ ಕಾರ್ಡು. ಅದನ್ನ ಹಾಗೇ ಮಾರೋ ಹಾಗಿಲ್ಲ, ಹೊಸದು ಅಚ್ಚು ಹಾಕೋಕೆ ಕಾಗದ ಇಲ್ಲ, ಬರ್ಲಿನ್ನಿಂದ ಸರಬರಾಜು ನಿಂತಿದೆ. ಗೆದ್ದ ಅಮೆರಿಕ, ಬ್ರಿಟನ್ ಹಿಡಿದಿದ್ದ ವಲಯಗಳಿಗೆ ಬಂದ ಎಎಂ ಪೋಸ್ಟ್ (ಅಲೈಡ್ ಮಿಲಿಟರಿ, ಅಂದ್ರೆ ಮಿತ್ರಪಡೆಗಳ ಅಂಚೆ) ಸ್ಟಾಂಪುಗಳಂತೂ ಮೊದಲು ಅಚ್ಚಾಗಿದ್ದೇ ವಾಷಿಂಗ್ಟನ್ನಲ್ಲಿ. ಹಾಗಾಗಿ ಒಂದೊಂದು ಅಂಚೆ ವಿಭಾಗ ತನಗೆ ತೋಚಿದ್ದು ಮಾಡ್ತು: ಹಿಟ್ಲರ್ ಮುಖಕ್ಕೆ ಕಪ್ಪು ಮಸಿ ಬಳಿಯೋದು, ಚೀಟಿ ಅಂಟಿಸಿ ಮುಚ್ಚೋದು, ಇಲ್ಲಾಂದ್ರೆ ಊರಿನ ಪ್ರೆಸ್ಸಲ್ಲಿ ಸಿಕ್ಕಿದ ರಟ್ಟಿನ ಮೇಲೆ "ಗೆಬ್ಯೂರ್ ಬೆಜಾಲ್ಟ್", ಅಂದ್ರೆ ಶುಲ್ಕ ಕಟ್ಟಿದೆ, ಅಂತ ಅಚ್ಚು ಹಾಕ್ಸಿ ಕೌಂಟರಲ್ಲಿ ಮಾರೋದು. ಇವೇ ನಿಜವಾದ ತುರ್ತು ಪೋಸ್ಟಲ್ ಸ್ಟೇಷನರಿ.

ಈಗ ಗೊಂದಲದ ಬುಡ. ಅದೇ "ಗೆಬ್ಯೂರ್ ಬೆಜಾಲ್ಟ್" ರಬ್ಬರ್ ಸ್ಟಾಂಪು ಮಾಮೂಲಿ ಕವರ್‌ಗಳ ಮೇಲೂ ಇರುತ್ತೆ. ಸ್ಟಾಂಪು ಖಾಲಿ, ಜನ ಸ್ವಂತ ಕವರ್ ತಂದು ಕೌಂಟರಲ್ಲಿ ಕ್ಯಾಶ್ ಕೊಟ್ರು, ಗುಮಾಸ್ತ ಸೀಲ್ ಒತ್ತಿದ. ಅದು ನಗದು ಪಾವತಿ ಪತ್ರ, ಸ್ಟೇಷನರಿ ಅಲ್ಲ, ಯಾಕಂದ್ರೆ ಇಲಾಖೆ ಅದನ್ನ ಮಾರಿಲ್ಲ, ಬರೀ ಒಪ್ಕೊಂಡಿದೆ. ಇನ್ನು ಒಳಗಿನದ್ದು ಹೊರಗೆ ಮಾಡಿ ಮತ್ತೆ ಬಳಸಿದ ಕವರ್, ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದವರು ವಾಲ್‌ಪೇಪರ್ ಕತ್ತರಿಸಿ ಮಾಡ್ಕೊಂಡ ಕವರ್, ಇವೆಲ್ಲಾ ಚೆಂದವೇ, ನಂಗೂ ಇಷ್ಟ, ಆದ್ರೆ ಬಡತನಕ್ಕೆಲ್ಲಾ ಪೋಸ್ಟಲ್ ಸ್ಟೇಷನರಿ ಅಂತ ಹೆಸರಿಡೋಕಾಗುತ್ತಾ?

ಸಂಗ್ರಹಕಾರರು ಆ ನಿಜವಾದ ತುರ್ತು ಕಾರ್ಡುಗಳ ಹಿಂದೆ ಬೀಳೋದು ಇದೇ ಅಡ್ಡಾದಿಡ್ಡಿತನಕ್ಕೆ. ವಿಭಾಗಕ್ಕೊಂದು ಅಕ್ಷರ ಜೋಡಣೆ, ಎರಡು ಕಾರ್ಡಿನ ರಟ್ಟು ಒಂದೇ ಬಣ್ಣ ಇರಲ್ಲ, ಬೆಳಕಿಗೆ ಹಿಡಿದ್ರೆ ಮಸಿ ಕೆಳಗೆ ಹಳೇ ಮೀಸೆ ಇಣುಕುತ್ತೆ. ಜರ್ಮನಿಯ ಸ್ಟಾಂಪ್ ಕ್ಯಾಟಲಾಗ್ ಪ್ರಕಾಶಕರಾದ ಮಿಷೆಲ್‌ನವರ ಪೋಸ್ಟಲ್ ಸ್ಟೇಷನರಿ ಕ್ಯಾಟಲಾಗಲ್ಲಿ ಇವಕ್ಕೂ ಜಾಗ ಇದೆ. ನಕಲಿ ಮಾಡೋದೂ ಅಷ್ಟೇ ಸುಲಭ ಅನ್ನೋದು ತಲೆನೋವು: ಖಾಲಿ ಹಿಟ್ಲರ್ ಕಾರ್ಡು, ಒಂದಿಷ್ಟು ಮಸಿ, ಒಂದು ರಬ್ಬರ್ ಸ್ಟಾಂಪು ಸಾಕು. ಅದಕ್ಕೇ ನಾನು ಖಾಲಿ ಕಾರ್ಡಿಗಿಂತ ಅಂಚೆಯಲ್ಲಿ ಓಡಾಡಿ ಬಂದಿದ್ದನ್ನೇ ನಂಬೋದು, ಅದನ್ನೂ ರೇಟು ನೋಡಿ. 1946ರ ಮಾರ್ಚ್ 1ಕ್ಕೆ ದರ ಡಬಲ್ ಆಯ್ತು, ಬೇರೆ ಊರಿಗೆ ಹೋಗೋ ಕಾರ್ಡಿಗೆ 6 ಫೆನಿಗ್ (ಜರ್ಮನ್ನರ ಪೈಸೆ) ಇದ್ದಿದ್ದು 12. ಏಪ್ರಿಲ್ ಸೀಲಿರೋ, ಬೇರೆ ಊರಿಗೆ ಹೋದ 6ರ ಕಾರ್ಡಿನ ಮೇಲೆ ಇನ್ನೂ 6 ಫೆನಿಗ್‌ನ ಸ್ಟಾಂಪು ಇರ್ಬೇಕು. ಅದೂ ಇಲ್ಲ, ಬಾಕಿ ವಸೂಲಿ ಗುರುತೂ ಇಲ್ಲ ಅಂದ್ರೆ ಪರ್ಸ್ ತೆಗೆಯೋಕೆ ಮುಂಚೆ ಮಾರೋನಿಗೆ ನಾಲ್ಕು ಪ್ರಶ್ನೆ ಕೇಳಿ.