‘ಅದು ಬಿಡಿ ಅಣ್ಣಾ, ಮೊನ್ನೆ ತಾನೆ ಹೊಸದು ಹಾಕಿದ್ದು’

ಸರ್ವೀಸ್ ಆಗಿ ಬಂದ ಗಾಡಿ ಮಿಸ್ಸಿಂಗ್ ಹೊಡೆಯುತ್ತದೆ, ಅಂದರೆ ಇಂಜಿನ್ ನಡುನಡುವೆ ಉರಿಯದೆ ತಪ್ಪುತ್ತದೆ. ಪಿಕಪ್ ಇಲ್ಲ. ಏರಿನಲ್ಲಿ ಸೈಲೆನ್ಸರ್ ಡಬ್ ಅನ್ನುತ್ತದೆ. ಓನರ್ ಮಡಿಕೇರಿಯ ನನ್ನ ಗ್ಯಾರೇಜಿಗೆ ತಂದು ನಿಲ್ಲಿಸಿ, ಪೆಟ್ರೋಲ್ ಪಂಪ್ ಹೋಗಿರಬೇಕು, ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ಇರಬೇಕು, ಇಲ್ಲಾಂದ್ರೆ ಪೆಟ್ರೋಲಲ್ಲಿ ನೀರು ಸೇರಿರಬೇಕು ಎನ್ನುತ್ತಾರೆ. ನಾನು ಕಿಡಿ ಕೊಡುವ ಪ್ಲಗ್ ಕಡೆ ಕೈ ಹಾಕುತ್ತೇನೆ. ತಕ್ಷಣ ಆ ಮಾತು ಬರುತ್ತದೆ: "ಅದು ಬಿಡಿ ಅಣ್ಣಾ, ಮೊನ್ನೆ ತಾನೆ ಹೊಸದು ಹಾಕಿದ್ದು."

ಈ ಮಾತು ಕೇಳಿ ಕೇಳಿ ಸಾಕಾಗಿದೆ. ಹೊಸದು ಹಾಕಿದ್ದಾರೆ ಅಂದ ಮೇಲೇ ಅಲ್ವಾ ಅದನ್ನು ಮೊದಲು ನೋಡಬೇಕಾದ್ದು? ಸೋಮವಾರದವರೆಗೆ ಚೆನ್ನಾಗಿದ್ದ ಗಾಡಿ. ಮಂಗಳವಾರ ಸರ್ವೀಸ್ ಆಯಿತು, ಬುಧವಾರ ಕೆಟ್ಟಿತು. ನಡುವೆ ಪೆಟ್ರೋಲ್ ಪಂಪನ್ನು ಯಾರೂ ಮುಟ್ಟಿಲ್ಲ. ಇಂಜೆಕ್ಟರ್ ಮುಟ್ಟಿಲ್ಲ. ಮುಟ್ಟಿದ್ದು ಪ್ಲಗ್, ಏರ್ ಫಿಲ್ಟರ್, ಇಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿ. ಹೊಸ ಪಾರ್ಟ್ ಸುಮ್ನೆ ತಾನಾಗಿ ಬಂದು ಕೂತಿರುವುದಿಲ್ಲ. ಯಾರೋ ಹಳೆಯದನ್ನು ಬಿಚ್ಚಿದ್ದಾರೆ, ವೈರ್ ಜೋಡಿಸುವ ಕಪ್ಲರ್ ಕಿತ್ತಿದ್ದಾರೆ, ಹೋಸ್ ಸರಿಸಿದ್ದಾರೆ, ಮತ್ತೆ ಜೋಡಿಸಿದ್ದಾರೆ. ಪಾರ್ಟ್ ಒಳ್ಳೆಯದೇ ಇರಬಹುದು. ಜೋಡಿಸಿದ್ದು ಸರಿ ಇದೆಯಾ ಅನ್ನುವುದು ಬೇರೆ ಪ್ರಶ್ನೆ. ಅದಕ್ಕೆ ಸರ್ವೀಸ್ ಬಿಲ್ ಉತ್ತರ ಕೊಡುವುದಿಲ್ಲ, ಬಿಚ್ಚಿಯೇ ನೋಡಬೇಕು.

ಇದನ್ನು ಹೇಳುವಾಗ ಯಾವ ಗ್ಯಾರೇಜನ್ನೂ ದೂರುತ್ತಿಲ್ಲ. ಸರ್ವೀಸ್ ಮಾಡುವ ಹುಡುಗರ ಕಷ್ಟ ನನಗೆ ಗೊತ್ತು. ಮಳೆ ಹಿಂದೆ ಸರಿದು ಆಯುಧಪೂಜೆ ಹತ್ತಿರ ಬಂತೆಂದರೆ ಎಲ್ಲರಿಗೂ ಅದೇ ವಾರ ಸರ್ವೀಸ್ ಆಗಬೇಕು. ಒಂದು ಗಾಡಿಗೆ ಪ್ಲಗ್ ಹಾಕುವಾಗ ಇನ್ನೊಂದು ಗಾಡಿಯವರು ಹಿಂದೆ ನಿಂತು ವಾಚ್ ನೋಡುತ್ತಿರುತ್ತಾರೆ. ಆ ಗಲಾಟೆಯಲ್ಲಿ ಕಪ್ಲರ್ ಲಾಕ್ ಕ್ಲಿಕ್ ಅಂದಿತಾ ಇಲ್ಲವಾ ಯಾರಿಗೆ ಕೇಳಿಸುತ್ತದೆ? ಇನ್ನೊಂದು ಮಾತು. ಅದೇ ಹೊತ್ತಿಗೆ ಬೇರೆ ಏನೋ ಕೆಡುವುದೂ ಉಂಟು. ನಿಜವಾಗಿ ಪಂಪೇ ಹೋಗಿರುವುದೂ ಉಂಟು. ಹುಡುಕುವುದನ್ನು ಅಲ್ಲಿಂದ ಶುರು ಮಾಡಬಾರದು, ಅಷ್ಟೇ.

ನಾಪೋಕ್ಲು ಕಡೆಯ ಅಂಕಲ್ ಒಬ್ಬರ ಹಳೆ ಜಿಪ್ಸಿ, ಪೆಟ್ರೋಲ್-ಗಾಳಿ ಬೆರೆಸುವ ಕಾರ್ಬುರೇಟರ್ ಇರುವ ಮಾಡೆಲ್. ಪಿಕಪ್ ಗಾಡಿಗೆ ಹಗ್ಗ ಕಟ್ಟಿ ಎಳೆದು ತಂದಿದ್ದರು. ಸೆಲ್ಫ್ ಹೊಡೆದರೆ ಸ್ಟಾರ್ಟ್ ಆಗುತ್ತದೆ, ಗಡಗಡ ನಡುಗುತ್ತದೆ. ಆಕ್ಸಿಲರೇಟರ್ ಒತ್ತಿದರೆ ಏರ್ ಫಿಲ್ಟರ್ ಒಳಗೆ ಒಂದು ಪಟ್, ಸೈಲೆನ್ಸರ್‌ನಲ್ಲಿ ಒಂದು ಡಬ್. ಕೊಡಗಿನ ಸುಗ್ಗಿ ಹಬ್ಬ ಪುತ್ತರಿಗೆ ಕದಿರು ತೆಗೆಯುವಾಗ ಕೋವಿ ಹೊಡೆಯುವ ನಾಡು ನಮ್ಮದು, ಸದ್ದು ಹೊಸತಲ್ಲ. ಆದರೂ ಪಕ್ಕದ ತೋಟದವರು ಫೋನ್ ಮಾಡಿ "ಏನು, ಆನೆ ಬಂತಾ?" ಎಂದು ಕೇಳಿದ್ದರಂತೆ. ಅಂಕಲ್ ಆಗಲೇ ತೀರ್ಮಾನ ಮಾಡಿಕೊಂಡು ಬಂದಿದ್ದರು: ಕಾರ್ಬುರೇಟರ್ ಹೋಗಿದೆ, ಹೊಸದು ತರಿಸಿ. "ಅಂಕಲ್, ಈಚೆಗೆ ಏನಾದ್ರೂ ಕೆಲಸ ಮಾಡಿಸಿದ್ರಾ?" ಅಂದೆ. "ಏನೂ ಇಲ್ಲ ಮಾರಾಯ, ಸರ್ವೀಸ್ ಅಷ್ಟೇ. ಪ್ಲಗ್ ವೈರ್ ಹಳೆಯದಾಗಿತ್ತು, ಅದೂ ಹೊಸದು ಹಾಕಿಸಿದೆ." ಏನೂ ಇಲ್ಲವಂತೆ!

ಆ ಇಂಜಿನ್ನಿನ ನಾಲ್ಕು ಸಿಲಿಂಡರ್ 1-3-4-2 ಅನ್ನುವ ಸರದಿಯಲ್ಲಿ ಉರಿಯುತ್ತವೆ. ಕಿಡಿಯ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್‌ನಿಂದ ಬರುವ ವೈರ್‌ಗಳಲ್ಲಿ ಮೂರನೆಯದು ನಾಲ್ಕಕ್ಕೆ, ನಾಲ್ಕನೆಯದು ಮೂರಕ್ಕೆ ಸಿಕ್ಕಿಸಿದ್ದರು. ಆಗ ಏನಾಗುತ್ತದೆ ನೋಡಿ. ಮೂರನೇ ಸಿಲಿಂಡರ್ ಉರಿಯಬೇಕಾದ ಹೊತ್ತಿಗೆ ಕಿಡಿ ನಾಲ್ಕರಲ್ಲಿ ಬೀಳುತ್ತದೆ. ನಾಲ್ಕು ಆಗಷ್ಟೇ ಪೆಟ್ರೋಲ್-ಗಾಳಿ ಎಳೆದುಕೊಂಡು ಮುಗಿಸುತ್ತಿದೆ, ಒಳಬರುವ ವಾಲ್ವ್ ಇನ್ನೂ ಪೂರ್ತಿ ಮುಚ್ಚಿಲ್ಲ. ಬೆಂಕಿ ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ. ಏರ್ ಫಿಲ್ಟರ್ ಒಳಗಿನ ಪಟ್ ಅದೇ. ನಾಲ್ಕರ ಸರದಿ ಬಂದಾಗ ಕಿಡಿ ಮೂರರಲ್ಲಿ ಬೀಳುತ್ತದೆ. ಮೂರರಲ್ಲಿ ಉರಿಯದೆ ಉಳಿದ ಪೆಟ್ರೋಲ್ ಇದೆ, ಹೊರಹೋಗುವ ವಾಲ್ವ್ ತೆರೆದಾಗಿದೆ. ಸೈಲೆನ್ಸರ್‌ನ ಡಬ್ ಅಲ್ಲಿಂದ. ಎರಡು ವೈರ್ ಅದಲುಬದಲು ಮಾಡಿದೆ, ಗಾಡಿ ಗುರ್ ಎಂದು ನಡುಗದೆ ಓಡತೊಡಗಿತು. ಕಾರ್ಬುರೇಟರ್ ಮುಟ್ಟಲೇ ಇಲ್ಲ. ಅಂಕಲ್‌ಗೆ ಖುಷಿಯಾಯಿತಾ ಅಂದರೆ ಪೂರ್ತಿ ಅಲ್ಲ. "ಇಷ್ಟಕ್ಕೆ ಎಳ್ಕೊಂಡು ಬಂದಿದ್ದಾ?" ಎಂದು ಸ್ವಲ್ಪ ಮುನಿಸಿಕೊಂಡರು. ಕಾಫಿ ಕುಡಿಸಿ ಕಳಿಸಿದೆ.

ಹಾಗಾಗಿ ಸದ್ದು ಎಲ್ಲಿಂದ ಬಂತು ಅನ್ನುವುದನ್ನು ಗಮನಿಸಿ ಬಂದು ಹೇಳಿದರೆ ನಮಗೆ ಅರ್ಧ ಕೆಲಸ ಮುಗಿದ ಹಾಗೆ. ಬಾನೆಟ್ ಒಳಗೆ ಪಟ್ ಅಂದರೆ ಪೆಟ್ರೋಲ್ ಕಡಿಮೆ ಬೀಳುತ್ತಿರಬಹುದು, ಟೈಮಿಂಗ್ ತಪ್ಪಿರಬಹುದು, ವಾಲ್ವ್ ಮುಚ್ಚದೆ ಇರಬಹುದು. ಹಿಂದೆ ಡಬ್ ಅಂದರೆ ಪೆಟ್ರೋಲ್ ಇಂಜಿನ್ನಿನಲ್ಲಿ ಉರಿಯದೆ ಪೈಪಿಗೆ ಹೋಗಿ ಅಲ್ಲಿ ಹೊತ್ತಿಕೊಳ್ಳುತ್ತಿದೆ. ಇದೇ ಕೊನೆಯ ಮಾತಲ್ಲ. ಬರೀ ಸದ್ದು ಕೇಳಿ ಪಾರ್ಟ್ ಆರ್ಡರ್ ಮಾಡುವವರನ್ನು ನಂಬಬೇಡಿ.

ಈಗಿನ ಗಾಡಿಗಳಲ್ಲಿ ವೈರ್ ಅದಲುಬದಲಾಗುವ ಪ್ರಶ್ನೆ ಜಾಸ್ತಿ ಇಲ್ಲ. ಪ್ರತಿ ಪ್ಲಗ್ ಮೇಲೂ, ಕಿಡಿಗೆ ವೋಲ್ಟೇಜ್ ಏರಿಸಿ ಕೊಡುವ ಒಂದು ಕಾಯ್ಲ್ ಕೂತಿರುತ್ತದೆ. ಇಲ್ಲಿ ಬರುವ ತೊಂದರೆ ಬೇರೆ. ಪ್ಲಗ್ ಕೈಜಾರಿ ನೆಲಕ್ಕೆ ಬಿದ್ದಿರುತ್ತದೆ, ಬಿಳಿ ಪಿಂಗಾಣಿಯಲ್ಲಿ ಕಣ್ಣಿಗೆ ಕಾಣದ ಬಿರುಕು. ಕಾಯ್ಲ್ ಪೂರ್ತಿ ಕೆಳಗೆ ಕೂತಿರುವುದಿಲ್ಲ. ಕಪ್ಲರ್‌ನ ಪ್ಲಾಸ್ಟಿಕ್ ಲಾಕ್ ಮುರಿದಿರುತ್ತದೆ. ಇಲ್ಲವೇ ಪ್ಲಗ್ ಕೂರುವ ಗುಂಡಿಯಲ್ಲಿ ನೀರು. ಪೊನ್ನಂಪೇಟೆಯ ಒಬ್ಬರು ಟೀಚರ್ ಕಾರು ಹೀಗೇ ಬಂತು. ಆಯುಧಪೂಜೆಗೆಂದು ಬಾನೆಟ್ ಎತ್ತಿಸಿ ಪ್ರೆಷರ್ ಪೈಪಿನಿಂದ ಒಳಗೆಲ್ಲ ತೊಳೆಸಿದ್ದರು. ಇಂಜಿನ್ ಫಳಫಳ ಹೊಳೆಯುತ್ತಿತ್ತು, ಪಿಕಪ್ ಮಾತ್ರ ಇಲ್ಲ. ಕಾಯ್ಲ್ ಎತ್ತಿದರೆ ಎರಡನೇ ಪ್ಲಗ್ಗು ನೀರಿನಲ್ಲಿ ಮುಳುಗಿದೆ. ಗಾಳಿ ಹೊಡೆದು ಒಣಗಿಸಿದ ಮೇಲೆ ಸರಿಯಾಯಿತು. ಇಂಜಿನ್ ತೊಳೆಸಲೇಬೇಡಿ ಎಂದು ಹೇಳುವುದಿಲ್ಲ, ಹೇಳಿದರೂ ಯಾರು ಕೇಳುತ್ತಾರೆ. ಪ್ಲಗ್ ಇರುವ ಕಡೆ ನೀರಿನ ಪೈಪ್ ತೋರಿಸಬೇಡಿ ಎಂದು ನಿಂತು ಹೇಳಿ.

ಇಲ್ಲಿ ಎಲ್ಲರೂ ಕೇಳುವ ಪ್ರಶ್ನೆ: "ಸರ್ವೀಸ್ ಮಾಡಿದಲ್ಲೇ ಓಡಿಸಿ ನೋಡಿದ್ರು, ಏನೂ ಇರ್ಲಿಲ್ಲ. ಮಡಿಕೇರಿಗೆ ಬರುವಾಗ ಮಾತ್ರ ಯಾಕೆ?" ಅದಕ್ಕೆ ಕಾರಣ ಉಂಟು. ಪ್ಲಗ್ಗಿನ ತುದಿಯಲ್ಲಿ ಒಂದು ಮಿಲಿಮೀಟರ್ ಆಸುಪಾಸಿನ ಸಂದು ಇರುತ್ತದೆ. ಕಿಡಿ ಅದನ್ನು ಹಾರಬೇಕು. ಸಿಲಿಂಡರಿನಲ್ಲಿ ಒತ್ತಡ ಜಾಸ್ತಿಯಾದಷ್ಟೂ ಹಾರುವುದು ಕಷ್ಟ, ಹೆಚ್ಚು ವೋಲ್ಟೇಜ್ ಬೇಕು. ಆಕ್ಸಿಲರೇಟರ್ ಒತ್ತದೆ ಸುಮ್ನೆ ಓಡುವ ಐಡಲ್‌ನಲ್ಲಿ ಒಳಗೆ ಬರುವ ಗಾಳಿಯೇ ಕಡಿಮೆ, ಒತ್ತಡವೂ ಕಡಿಮೆ, ಕಿಡಿ ಆರಾಮಾಗಿ ಹಾರುತ್ತದೆ. ಗ್ಯಾರೇಜ್ ಮುಂದೆ ನಿಲ್ಲಿಸಿ ರೇಸ್ ಕೊಟ್ಟರೂ ಅಷ್ಟೇ, ಇಂಜಿನ್ ಮೇಲೆ ಭಾರವೇ ಇಲ್ಲವಲ್ಲ. ಕುಶಾಲನಗರ ದಾಟಿ ಸುಂಟಿಕೊಪ್ಪ ಕಳೆದು ಏರು ಶುರುವಾಗುತ್ತದೆ. ಮನೆಯವರೆಲ್ಲ ಒಳಗೆ, ಮೂರನೇ ಗೇರ್, ಆಕ್ಸಿಲರೇಟರ್ ಪೂರ್ತಿ ಕೆಳಗೆ. ಆಗ ವೋಲ್ಟೇಜ್ ಏರುತ್ತದೆ. ಕಷ್ಟದ ಸಂದು ಬಿಟ್ಟು ಸುಲಭದ ದಾರಿ ಹುಡುಕುತ್ತದೆ: ಆ ಬಿರುಕು, ಆ ನೀರು. ಸಂದಿನಲ್ಲಿ ಕಿಡಿ ಇಲ್ಲ, ಪೆಟ್ರೋಲ್ ಉರಿಯದೆ ಹೊರಗೆ. ಬಯಲಲ್ಲಿ ಟೆಸ್ಟ್ ಮಾಡಿದವರು ಸುಳ್ಳು ಹೇಳಿಲ್ಲ. ಅವರಿಗೆ ಏರು ಇರಲಿಲ್ಲ. ಅದಕ್ಕೇ ನಾನು ಸಂಪಾಜೆ ಘಾಟಿಯ ಕಡೆ ಸ್ವಲ್ಪ ಇಳಿಸಿ, ತಿರುಗಿಸಿ, ಹತ್ತಿಸಿಕೊಂಡು ಬಂದ ಮೇಲೆಯೇ ಕೀ ಕೊಡುವುದು.

ಮಂಗಳೂರಿನಿಂದ ಬರುವ ನೆಂಟರಿಗೆ ಒಂದು ಮಾತು. ಸಮುದ್ರದ ಮಟ್ಟದಿಂದ ಹೊರಟು ಸುಮಾರು 1,150 ಮೀಟರ್ ಎತ್ತರಕ್ಕೆ ಬಂದಿದ್ದೀರಿ. ಗಾಳಿ ಒತ್ತಿ ತುಂಬುವ ಟರ್ಬೊ ಇಲ್ಲದ ಇಂಜಿನ್‌ಗೆ ಸಾವಿರ ಮೀಟರಿಗೆ ಹತ್ತಿರಹತ್ತಿರ ನೂರಕ್ಕೆ ಹತ್ತರಷ್ಟು ಶಕ್ತಿ ಕಡಿಮೆಯಾಗುತ್ತದೆ, ಗಾಳಿ ತೆಳುವಾಗುವುದರಿಂದ. ಅದು ರಿಪೇರಿ ಅಲ್ಲ. ಸದ್ದಿಲ್ಲ, ಜರ್ಕ್ ಇಲ್ಲ, ಸುಮ್ನೆ ಸ್ವಲ್ಪ ಸೋಮಾರಿ ಅನಿಸಿದರೆ ಗೇರ್ ಇಳಿಸಿ ಓಡಿಸಿ.

ಇನ್ನು ಗಾಡಿಯ ಕಂಪ್ಯೂಟರಿನಿಂದ ತಪ್ಪಿನ ಕೋಡ್ ಓದುವ ಸ್ಕ್ಯಾನರ್. "ಸ್ಕ್ಯಾನ್ ಹಾಕಿದ್ರೆ ಗೊತ್ತಾಗುತ್ತಲ್ಲಾ?" ಎಂದು ಕೇಳದವರಿಲ್ಲ. ಗೊತ್ತಾಗುತ್ತದೆ, ಸ್ವಲ್ಪ ಮಟ್ಟಿಗೆ. ಪಿ 0301 ಎಂದು ಬಂದರೆ ಒಂದನೇ ಸಿಲಿಂಡರ್ ಮಿಸ್ ಆಗುತ್ತಿದೆ ಎಂದು ಅರ್ಥ. ಪ್ಲಗ್ಗಾ, ಕಾಯ್ಲಾ, ಇಂಜೆಕ್ಟರಾ, ವಾಲ್ವಾ ಅನ್ನುವುದು ಆ ನಂಬರಿನಲ್ಲಿ ಇಲ್ಲ. ಇನ್ನೂ ದೊಡ್ಡ ಎಡವಟ್ಟು ಹೊಗೆ ಪೈಪಿನಲ್ಲಿರುವ ಆಕ್ಸಿಜನ್ ಸೆನ್ಸರ್ ವಿಷಯದಲ್ಲಿ ಆಗುತ್ತದೆ. ಒಂದು ಸಿಲಿಂಡರ್ ಉರಿಯದಿದ್ದರೆ ಅದರ ಆಕ್ಸಿಜನ್ ಖರ್ಚಾಗದೆ ಹಾಗೇ ಪೈಪಿಗೆ ಹೋಗುತ್ತದೆ. ಸೆನ್ಸರ್ ಅದನ್ನು ನೋಡಿ ‘ಆಕ್ಸಿಜನ್ ಜಾಸ್ತಿ ಇದೆ, ಪೆಟ್ರೋಲ್ ಸಾಲದು’ ಎಂದು ಹೇಳುತ್ತದೆ. ಕಂಪ್ಯೂಟರ್ ನಂಬಿ ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ. ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಎನ್ನುವ ಪಿ 0171 ಕೋಡ್ ಬಂದರೂ ಬರಬಹುದು. ಯಾರೋ ಅದನ್ನು ಓದಿ ಸೆನ್ಸರನ್ನೇ ಬದಲಾಯಿಸುತ್ತಾರೆ. ಜ್ವರ ಬಂದಿದೆ ಎಂದು ಥರ್ಮಾಮೀಟರ್ ಬದಲಾಯಿಸಿದ ಹಾಗೆ. ಗಾಳಿ ಅಳೆಯುವ ಸೆನ್ಸರ್ ಇರುವ ಗಾಡಿಗಳಲ್ಲಿ, ಆ ಸೆನ್ಸರಿಗೂ ಇಂಜಿನ್ನಿಗೂ ನಡುವಿನ ಹೋಸ್ ಸಡಿಲವಾದರೂ ಇದೇ ಕೋಡ್ ಬರುತ್ತದೆ. ಏರ್ ಫಿಲ್ಟರ್ ಹಾಕುವಾಗ ಆ ಹೋಸ್ ಕಳಚಿರುತ್ತಾರೆ. ಕ್ಲಿಪ್ ಬಿಗಿ ಮಾಡಲು ಸ್ಕ್ರೂಡ್ರೈವರ್ ಸಾಕು.

ವಾಲ್ವ್ ಸರಿಯಾದ ಹೊತ್ತಿಗೆ ತೆರೆದು ಮುಚ್ಚುವಂತೆ ಮಾಡುವ ಟೈಮಿಂಗ್ ಬೆಲ್ಟ್ ಬದಲಾಯಿಸಿದ ಮೇಲೆ ಪಿಕಪ್ ಹೋದರೆ ಮಾತ್ರ ಹುಡುಗಾಟ ಬೇಡ. ಪಿಸ್ಟನ್‌ಗಳು ತಿರುಗಿಸುವ ದಂಡ, ಅಂದರೆ ಕ್ರ್ಯಾಂಕ್, ಅದರ ಮೇಲಿನ ಚಕ್ರಕ್ಕೆ 20 ಹಲ್ಲು ಇದ್ದರೆ, ಒಂದು ಹಲ್ಲು ತಪ್ಪಿದರೂ 18 ಡಿಗ್ರಿ ವ್ಯತ್ಯಾಸ. ಗಾಡಿ ಓಡುತ್ತದೆ, ಆದರೆ ಜೀವ ಇರುವುದಿಲ್ಲ. ಇನ್ನೂ ಜಾಸ್ತಿ ತಪ್ಪಿದರೆ ಎಷ್ಟೋ ಇಂಜಿನ್‌ಗಳಲ್ಲಿ ವಾಲ್ವ್ ಪಿಸ್ಟನ್‌ಗೆ ತಾಗುತ್ತದೆ. ಓಡಿಸಿ ನೋಡೋಣ ಅನ್ನಬೇಡಿ, ನಿಲ್ಲಿಸಿ ಮಾರ್ಕ್ ನೋಡಿಸಿ. ಡೀಸೆಲ್ ಗಾಡಿಯವರ ಕಥೆ ಬೇರೆ, ಅಲ್ಲಿ ಕಿಡಿ ಕೊಡುವ ಪ್ಲಗ್ ಇಲ್ಲ. ಸರ್ವೀಸ್ ಆದ ಮೇಲೆ ಏರಿನಲ್ಲಿ ಕಪ್ಪು ಹೊಗೆ, ಸುಯ್ ಅನ್ನುವ ಸದ್ದು ಬಂದರೆ ಮೊದಲು ಟರ್ಬೊ ಹೋಸ್‌ಗಳನ್ನು ಕೈಯಿಂದ ಅಲ್ಲಾಡಿಸಿ ನೋಡಿ. ಇಂಜಿನ್ ತಣ್ಣಗಾದ ಮೇಲೆ.

ಮಿಸ್ಸಿಂಗ್ ಇದ್ದರೂ "ಹೇಗೋ ಓಡುತ್ತದಲ್ಲಾ, ಕಾಫಿ ಕೊಯ್ಲು ಮುಗಿಯಲಿ" ಎಂದು ತಿಂಗಳುಗಟ್ಟಲೆ ಓಡಿಸುವವರ ಮೇಲೆ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ಉರಿಯದ ಪೆಟ್ರೋಲ್ ಎಲ್ಲಿ ಹೋಗುತ್ತದೆ? ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಹೋಗಿ ಉರಿಯುತ್ತದೆ. ಅದರೊಳಗಿನ ಸಣ್ಣ ಸಣ್ಣ ತೂತಿನ ಸೆರಾಮಿಕ್ ಕರಗಿ ಮುಚ್ಚಿಕೊಳ್ಳುತ್ತದೆ. ಆಮೇಲೆ ಹೊಗೆಗೆ ದಾರಿ ಇಲ್ಲ, ಇಂಜಿನ್‌ಗೆ ಉಸಿರಿಲ್ಲ. ಈಗ ಪ್ಲಗ್ ಸರಿ ಮಾಡಿದರೂ ಪಿಕಪ್ ಬರುವುದಿಲ್ಲ. ಒಂದು ಕ್ಲಿಪ್ಪಿನ ಕೆಲಸ ಹತ್ತಾರು ಸಾವಿರಕ್ಕೆ ಹೋಗಿ ನಿಲ್ಲುತ್ತದೆ. ಹೆಚ್ಚಿನ ಗಾಡಿಗಳಲ್ಲಿ ಇಂಜಿನ್ ಲೈಟ್ ಸುಮ್ನೆ ಉರಿಯುತ್ತಿದ್ದರೆ ನಿಧಾನಕ್ಕೆ ಗ್ಯಾರೇಜಿಗೆ ಬನ್ನಿ ಅಂತ, ಮಿಟುಕುತ್ತಿದ್ದರೆ ಕನ್ವರ್ಟರ್ ಸುಡುತ್ತಿದೆ, ಕಾಲು ತೆಗೆಯಿರಿ ಅಂತ. ಬೇಸಿಗೆಯಲ್ಲಿ ಇಂಥ ಗಾಡಿಯನ್ನು ತೋಟದೊಳಗೆ ಸಿಲ್ವರ್ ಓಕ್ ಎಲೆ ಉದುರಿದ ಕಡೆ ನಿಲ್ಲಿಸಲೇಬೇಡಿ. ಕಾದ ಕನ್ವರ್ಟರ್ ಕೆಳಗೆ ಒಣ ಎಲೆ ಹೊತ್ತಿಕೊಳ್ಳಬಹುದು.

ಗಾಡಿ ತರುವಾಗ ಸರ್ವೀಸ್ ಬಿಲ್ ತನ್ನಿ. ಬೇರೆ ಗ್ಯಾರೇಜಿನ ಬಿಲ್ ಎಂದು ಮುಚ್ಚಿಡಬೇಡಿ, ನನಗೇನೂ ಬೇಜಾರಿಲ್ಲ. ಬಿಲ್‌ನಲ್ಲಿ ಬರೆಯದ ಕೆಲಸವೂ ಇರುತ್ತದೆ, ‘ಥ್ರಾಟಲ್ ಸ್ವಲ್ಪ ಕ್ಲೀನ್ ಮಾಡಿದ್ವಿ’ ಎಂದು ಬಾಯಲ್ಲಿ ಹೇಳಿರುತ್ತಾರೆ, ಅದನ್ನೂ ಹೇಳಿ. ಆದರೆ ಮೊದಲು ಸರ್ವೀಸ್ ಮಾಡಿದವರ ಹತ್ತಿರವೇ ಹೋಗುವುದು ಒಳ್ಳೆಯದು. ಅವರಿಗೆ ತಾವು ಎಲ್ಲೆಲ್ಲಿ ಕೈ ಹಾಕಿದ್ದು ಎಂದು ಗೊತ್ತು, ನಿಮಗೂ ಖರ್ಚು ಉಳಿಯಬಹುದು. ಜಗಳ ಮಾಡಬೇಡಿ, ಜೊತೆಗೆ ಕೂರಿಸಿಕೊಂಡು ಒಂದು ಏರು ಹತ್ತಿಸಿ.

ಮತ್ತೆ, ಹಳೆ ಪ್ಲಗ್, ಹಳೆ ಕಾಯ್ಲ್ ಅಲ್ಲೇ ಬಿಟ್ಟು ಬರಬೇಡಿ. ಕೇಳಿ ಇಸಕೊಂಡು ಡಿಕ್ಕಿಯಲ್ಲಿ ಹಾಕಿಕೊಳ್ಳಿ. ಪ್ಲಗ್ ಬದಲಾಯಿಸಿದ್ದು ಕೆಟ್ಟಿತ್ತು ಅಂತಲ್ಲ, ಕಿಲೋಮೀಟರ್ ಆಯಿತು ಅಂತ ತಾನೇ? ಹಾಗಿದ್ದರೆ ಹಳೆಯದು ಇನ್ನೂ ಓಡುತ್ತದೆ. ಹೊಸದರ ಮೇಲೆ ಅನುಮಾನ ಬಂದರೆ ಹಳೆಯದನ್ನೇ ಹಾಕಿ ಏರು ಹತ್ತಿಸಿ ನೋಡುತ್ತೇನೆ. ಪಿಕಪ್ ವಾಪಸ್ ಬಂತೆಂದರೆ ಹೊಸ ಪ್ಲಗ್ಗನ್ನು ಅಂಗಡಿಯವರಿಗೆ ವಾಪಸ್ ಕೊಡಿ. ಬರದಿದ್ದರೆ ಆಗ ಪೆಟ್ರೋಲ್ ಪಂಪ್ ವಿಷಯ ಮಾತಾಡೋಣ.